ಒಂದು ಗೇಣು ಓಡುವ ವ್ಯಾಗನ್

ಪತ್ರಿಕೆಯ ಸಂದರ್ಶನಕ್ಕೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಡೈರಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಹೇಳಬೇಕಾದ ಒಂದು ಮಾತನ್ನು ಮಾತ್ರ ಬರೆದುಕೊಳ್ಳುವ ಧೈರ್ಯವೂ ಆಗಲಿಲ್ಲ. ಭೇಟಿಗೆ ಅನುಮತಿ ಕೊಡುವಾಗ ರೈಲ್ವೆ ಸಂಗ್ರಹಾಲಯದ ಅಧಿಕಾರಿ ಫೋನಿನಲ್ಲಿ ಅಂದಿದ್ದರು: "ಆ ಹಳೇ ವ್ಯಾಗನ್ ಸೋಮವಾರ ಗುಜರಿಗೆ ಹೋಗುತ್ತೆ. ಅದನ್ನು ನೋಡ್ಕೊಳ್ಳೋ ಮುದುಕನಿಗಿನ್ನೂ ಹೇಳಿಲ್ಲ. ನೀವೂ ಹೇಳಬೇಡಿ, ಫೋಟೊದಲ್ಲಿ ಮುಖ ಚೆನ್ನಾಗಿ ಬರಲಿ." ನಾನು "ಸರಿ ಸರ್" ಅಂದುಬಿಟ್ಟೆ. ಯಾರು ಏನೇ ಹೇಳಲಿ, ನನ್ನ ಬಾಯಿಗೆ ಬರುವುದು ಅದೊಂದೇ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಗ್ರಹಾಲಯದ ಹಿತ್ತಲಲ್ಲಿ, ಎಲ್ಲಿಗೂ ಹೋಗದ ತುಂಡು ಹಳಿಯ ಮೇಲೆ ವ್ಯಾಗನ್ ನಿಂತಿದೆ. ಅದನ್ನು ನೋಡಿಕೊಳ್ಳುವ ನಿವೃತ್ತ ಫಿಟ್ಟರ್, ಎಪ್ಪತ್ತು ದಾಟಿದವರು, ಚಕ್ರದ ಬುಡಕ್ಕೆ ಉದ್ದನೆಯ ಹಾರೆ ಕೊಟ್ಟು ಮೈಭಾರವನ್ನೆಲ್ಲ ಹಾಕಿ ಮೀಟುತ್ತಾರೆ. ಕಬ್ಬಿಣ ನರಳುತ್ತದೆ. ವ್ಯಾಗನ್ ಒಂದು ಗೇಣು ಸರಿಯುತ್ತದೆ. ಚಕ್ರಕ್ಕೆ ಮರದ ತುಂಡು ಒತ್ತಿಟ್ಟು, ಏದುಸಿರಿನಲ್ಲೇ ನಗುತ್ತಾರೆ.

"ಗಾಡಿ ಓಡಿ ಹಾಳಾಗಲ್ಲಮ್ಮ, ನಿಂತು ಹಾಳಾಗುತ್ತೆ. ಒಂದೇ ಕಡೆ ಭಾರ ಬಿದ್ದರೆ ಬೇರಿಂಗ್ ಕಚ್ಚಿಕೊಂಡುಬಿಡುತ್ತೆ. ಅದಕ್ಕೇ ಈ ವಾರ ಮುಂದಕ್ಕೆ, ಬರೋ ವಾರ ಹಿಂದಕ್ಕೆ."

ಹೀಗೆ ಮಾಡಿ ಎಂದು ಯಾರೂ ಹೇಳಿದ್ದಲ್ಲ. ಇವರ ಕೆಲಸ ಗುಡಿಸುವುದು, ಬೀಗ ಹಾಕುವುದು, ಅಷ್ಟೆ.

ಈ ವ್ಯಾಗನ್ ಮೊದಲು ಕಲ್ಲಿದ್ದಲು ಸಾಗಿಸಿತು. ಆಮೇಲೆ ವರ್ಷಗಟ್ಟಲೆ ಉಪ್ಪು. ಉಪ್ಪು ತಳವನ್ನು ತಿಂದುಹಾಕಿದಾಗ ರೈಲ್ವೆ ವರ್ಕ್‌ಶಾಪಿಗೆ ರಿಪೇರಿಗೆ ಬಂತು; ಆಗಷ್ಟೇ ಕೆಲಸಕ್ಕೆ ಸೇರಿದ್ದ ಇವರು ಕೂರಿಸಿದ ಮೊದಲ ತಗಡು ಇದರದೇ. ಕೊನೆಗೆ ಸಾಮಾನು ತುಂಬುವ ಕೋಣೆಯಾಗಿ ಮೂಲೆ ಸೇರಿತು. ಒಡೆಯಲು ಹೊರಟಾಗ ಇವರು ಕಂಡಕಂಡವರ ಕಾಲು ಹಿಡಿದು ಇಲ್ಲಿಗೆ ತರಿಸಿದರು. ಉಪ್ಪು ಮಾತ್ರ ಇದನ್ನು ಬಿಟ್ಟಿಲ್ಲ. ಎಷ್ಟು ಬಣ್ಣ ಬಳಿದರೂ ಅಡಿಯಿಂದ ತುಕ್ಕು ಉಬ್ಬಿ ಬರುತ್ತದೆ. ಇವರು ಕೈಯಿಟ್ಟ ಕಡೆ ತಗಡು ಒಣ ಎಲೆಯಂತೆ ಪುಡಿಯಾಗುತ್ತದೆ. ನಾನು ನೋಡಿದೆನೆಂದು ಗೊತ್ತಾಗಿ ಕೈಯನ್ನು ಬೆನ್ನ ಹಿಂದೆ ಮರೆಮಾಡುತ್ತಾರೆ.

ಅಷ್ಟರಲ್ಲಿ ಅವರ ಹೆಂಡತಿ ಫ್ಲಾಸ್ಕಿನಲ್ಲಿ ಚಹಾ ತರುತ್ತಾರೆ.

"ಇದನ್ನೂ ಬರ್ಕೊಳ್ಳಮ್ಮ. ನನ್ನ ಮಂಡಿಗೆ ಒಂದು ದಿನ ಎಣ್ಣೆ ತಿಕ್ಕಿದವರಲ್ಲ. ಇದಕ್ಕಾದರೆ ದಿನಾ ಉಪಚಾರ!"

"ನಿನಗೆ ಬಾಯಿದೆಯಲ್ಲೇ, ಬೈದು ಕೇಳ್ತೀಯ. ಇದಕ್ಕೆ ಯಾರಿದ್ದಾರೆ?"

ತಾತ ಲೋಟ ತೊಳೆಯಲು ನಲ್ಲಿಯತ್ತ ಹೋದಾಗ ಅಜ್ಜಿ ದನಿ ತಗ್ಗಿಸುತ್ತಾರೆ. "ಮಗ ತೀರಿಕೊಂಡ ಮೇಲೆ ಹಾಸಿಗೆ ಹಿಡಿದಿದ್ದರಮ್ಮ. ಇದೊಂದು ಇದೆ ಅಂತ ಬೆಳಿಗ್ಗೆ ಏಳ್ತಾರೆ."

ತಾತ ವಾಪಸ್ ಬರುತ್ತಾರೆ. ಡೈರಿ ತೆರೆದು ಕೊನೆಯ ಪ್ರಶ್ನೆಯನ್ನು ಓದುತ್ತೇನೆ: "ನಿಮಗಿರುವ ಆಸೆ ಏನು ತಾತ?"

"ಆಸೆ ಏನಮ್ಮ, ನಾನಿರೋವರೆಗೆ ಇದರ ಚಕ್ರ ತಿರುಗಿದರೆ ಸಾಕು."

ಫೋಟೊಗೆಂದು ಒದ್ದೆ ಕೈಯಲ್ಲಿ ತಲೆ ನೀವಿಕೊಂಡು ವ್ಯಾಗನ್‌ಗೆ ಒರಗಿ ನಿಲ್ಲುತ್ತಾರೆ. ಮುಖ ನಿಜಕ್ಕೂ ಚೆನ್ನಾಗಿ ಬಂದಿದೆ.

"ಬರೋ ವಾರ ಹಿಂದಕ್ಕೆ ತಳ್ಳುವಾಗ ಬಾಮ್ಮ. ನೀನೂ ಒಂದು ಕೈ ಹಾಕುವಿಯಂತೆ."

'ಸರಿ' ಎನ್ನುವುದು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಕ್ಯಾಮೆರಾ ಕೆಳಗಿಳಿಸುತ್ತೇನೆ.

"ಬರೋ ವಾರ ಇದು ಇರಲ್ಲ ತಾತ. ಸೋಮವಾರ ಒಡೀತಾರೆ."