ಸಾಂಬ್ರಾಣಿ ಹಿಡಿದ ಶುಕ್ರವಾರ

ಚಂದನಾ, ಗಗನಾ, ಮೊನ್ನೆ ಪಕ್ಕದ ಮನೆಯಿಂದ ಸಾಂಬ್ರಾಣಿ ವಾಸನೆ ಬಂದಾಗ "ನಮ್ಮನೇಲಿ ಯಾಕಜ್ಜಿ ಹಾಕಲ್ಲ?" ಎಂದು ಕೇಳಿದಿರಿ. ಕೆಮ್ಮು ಬರುತ್ತದೆ ಎಂದೆ. ಅದು ಸುಳ್ಳು. ಬಾಯಲ್ಲಿ ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದನಪಲ್ಲಿ ಶಾಲೆಯ ಅಕ್ಷರ, ನಗಬೇಡಿ.

ಎರಡು ಸಾವಿರದ ಐದೋ ಆರೋ ಇಸವಿ, ನೀವಿನ್ನೂ ಹುಟ್ಟಿರಲಿಲ್ಲ. ಆಗ ನಾವು ಮೂಕಂಡಪಲ್ಲಿಯಲ್ಲಿದ್ದೆವು. ಕಾರ್ಖಾನೆಯಿಂದ ನಿವೃತ್ತರಾದ ನಿಮ್ಮ ತಾತ ಗುಜರಿಯಿಂದ ಹಳೇ ಕಂಪ್ಯೂಟರೊಂದನ್ನು ತಂದರು. ಅದರ ಡಿಸ್ಕ್ ಓಡಿಸುವ ಯಂತ್ರವನ್ನು ಗಾಡಿಯಿಂದ ಇಳಿಸುವಾಗ, ಬಟ್ಟೆ ಒಗೆಯುವ ಮೆಷಿನ್ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದ್ದೆ. ಅದರಲ್ಲಿ ಕೂರಿಸುವ ಡಿಸ್ಕ್ ಪ್ಯಾಕ್ ಎಂದರೆ ದೋಸೆ ಹೆಂಚಿನಗಲದ ಕಂದು ತಟ್ಟೆಗಳು, ಒಂದರ ಮೇಲೊಂದು; ಹಳೇ ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕ, ನಕ್ಷೆಗಳೆಲ್ಲ ಅದರಲ್ಲೇ ಇರುತ್ತಿದ್ದವು. ಜನ ತಂದುಕೊಟ್ಟ ಹಳೇ ಪ್ಯಾಕುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಒಳಗಿದ್ದದ್ದನ್ನು ತಾತ ಹೊಸ ಕಂಪ್ಯೂಟರಿಗೆ ಇಳಿಸಿಕೊಡುತ್ತಿದ್ದರು.

"ಕಂಪ್ಯೂಟ್ರು ಇರೋ ರೂಮಿಗೆ ಧೂಳು ಹೋಗ್ಬಾರ್ದು ಕಣೇ, ಪೊರಕೆ ತರ್ಬೇಡ" ಎಂದಿದ್ದರು. ತರಲಿಲ್ಲ. ಹೊಗೆ ಧೂಳಲ್ಲವಲ್ಲ!

ತಾತನ ಗೆಳೆಯ ಮುನಿರಾಜಣ್ಣ ವರ್ಷಗಟ್ಟಲೆ ಮಾಡಿದ ಯಂತ್ರಗಳ ನಕ್ಷೆಗಳು ಒಂದು ಪ್ಯಾಕಿನಲ್ಲಿದ್ದವು. ಬೇರೆ ಪ್ರತಿಯಿರಲಿಲ್ಲ. ಹದಿನೈದು ದಿನ ಒರೆಸಿ, ಶುಕ್ರವಾರ ಮುಚ್ಚಳ ತೆಗೆದಿಟ್ಟು ತಾತ ಸ್ನಾನಕ್ಕೆ ಹೋದರು. ಕೆಲಸ ಕೈಗೂಡಲಿ ಎಂದು ನಾನು ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಎರೆದ ಮಗುವಿನ ತಲೆಗೆ ಹಿಡಿಯುವಂತೆ ಆ ತಟ್ಟೆಗಳಿಗೆ ಹೊಗೆ ಹಿಡಿದೆ. ಪ್ರತಿ ಶುಕ್ರವಾರವೂ ಮನೆಯೆಲ್ಲ ಅದೇ ವಾಸನೆ. ತಾತನಿಗೆ ಅನುಮಾನವೇ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಮುನಿರಾಜಣ್ಣ ಬೀಡಿ ಸೇದುತ್ತ ಬಂದರು.

"ಬೀಡಿ ಆಚೆ ಬಿಸಾಕ್ಲಾ!" ತಾತ ಕೂಗಿದರು. "ತಟ್ಟೆಗೂ ಓದೋ ಮುಳ್ಳಿಗೂ ಕೂದ್ಲಷ್ಟೂ ಸಂದಿಲ್ಲ. ಹೊಗೆ ಕೂತ್ರೆ ಬಂಡೆ ಕೂತಂಗೆ. ಎಲ್ಲಾ ಕೆರ್ಕೊಂಡು ಹೋಗ್ಬುಡ್ತದೆ."

"ಹೆಂಡ್ರನ್ನೂ ಹಿಂಗ್ ನೋಡ್ಕಂಡಿಲ್ವಲ್ಲೋ ನೀನು!"

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತೆ. "ರೀ" ಎಂದಿದ್ದರೆ ಸಾಕಿತ್ತು. ಇನ್ನೊಮ್ಮೆ ಒರೆಸುತ್ತಿದ್ದರು. ಬಂದವರ ಎದುರಿಗೆ ಹೇಗೆ ಮಾತಾಡುವುದು ಎಂದು ಸುಮ್ಮನಾದೆ. ಯಂತ್ರ ತಿರುಗಿತು. ತಗಡು ಕೆರೆದಂಥ ಸದ್ದು. ನಕ್ಷೆಗಳೆಲ್ಲ ಹೋದವು.

"ನನ್ ಕೈ ನಡುಗ್ತೋ ಏನೋ ಮುನಿ. ಸರ್ಯಾಗಿ ಒರ್ಸ್ಲಿಲ್ಲ."

"ಬುಡ್ಲಾ, ಹಳೇದು," ಎಂದರು ಮುನಿರಾಜಣ್ಣ. ಕಾಫಿ ಮುಟ್ಟದೆ ಎದ್ದು ಹೋದರು.

ತಾತ ಮತ್ತೆ ಯಾವ ಪ್ಯಾಕನ್ನೂ ಮುಟ್ಟಲಿಲ್ಲ. ಕೂತಲ್ಲೇ ತಮ್ಮ ಬೆರಳುಗಳನ್ನು ಚಾಚಿ ನೋಡಿಕೊಳ್ಳುತ್ತಿದ್ದರು. ಅನ್ನ ಬಡಿಸುವಾಗೆಲ್ಲ ಇವತ್ತು ಹೇಳೋಣ ಎಂದುಕೊಳ್ಳುತ್ತಿದ್ದೆ. ಅವರು ತೀರಿಹೋಗುವವರೆಗೂ ಹೇಳಲಿಲ್ಲ.

ಮಕ್ಕಳೇ, ತಾತನ ಕೈ ನಡುಗಿರಲಿಲ್ಲ. ಆ ಪ್ಯಾಕು ನನ್ನ ಟ್ರಂಕಿನಲ್ಲಿದೆ. ಈ ಹಾಳೆಗಳನ್ನು ಅದರ ಜೊತೆಯಲ್ಲೇ ಜೋಪಾನವಾಗಿಡಿ. ಅದರಲ್ಲಿದ್ದದ್ದನ್ನು ನಾನು ಉಳಿಸಲಿಲ್ಲ. ಇದನ್ನಾದರೂ ನೀವು ಉಳಿಸಿ.