ಸ್ಟೀರಿಂಗ್ ಬಲಕ್ಕಿದ್ದ ಅಮೆರಿಕದ ಕಾರು

ಇವತ್ತು ಎಲೆಕ್ಟ್ರಾ ಸ್ಟ್ರೀಟಿನ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿಕೊಂಡಿದ್ದಾಗ ಎಲ್ಲಿಂದಲೋ ಕಾರ್ ಪಾಲಿಶಿನ ವಾಸನೆ ಬಂತು. ಅಷ್ಟೇ, ಕೂತಲ್ಲಿ ಕೂರಲಾಗಲಿಲ್ಲ.

ನಾನು ಚಿಕ್ಕವಳಿದ್ದಾಗ ಅಪ್ಪ ಇಲ್ಲೇ ಗಲ್ಫಿನಲ್ಲಿ, ಜೆಬೆಲ್ ಅಲಿಯ ಗೋದಾಮಿನಲ್ಲಿ ಅರಬ್ಬಿ ಧಣಿಯೊಬ್ಬರ ಹಳೆಯ ಕಾರುಗಳನ್ನು ನೋಡಿಕೊಳ್ಳುತ್ತಿದ್ದರು. ರಜೆಯ ದಿನ ನನ್ನನ್ನೂ ಕರೆದೊಯ್ಯುತ್ತಿದ್ದರು. ಅಲ್ಲೊಂದು ಅಮೆರಿಕದ ಮುದಿ ಕಾರು. ಮಡ್‌ಗಾರ್ಡಿನಿಂದಲೇ ಎದ್ದ ಅದರ ಹೆಡ್‌ಲೈಟುಗಳು ಕಪ್ಪೆಯ ಕಣ್ಣಿನಂತಿದ್ದವು.

"ಇದರ ಕಂಪನಿಯವರು ಮೊದಲು ಹಕ್ಕಿಪಂಜರ ಮಾಡ್ತಿದ್ದದ್ದು ಮಾರಾಯ್ತಿ. ಮತ್ತೆ ಸೈಕಲ್, ಮತ್ತೆ ದೊಡ್ಡವರ ಕಾರು. ಬೇರೆಯವರೆಲ್ಲ ಸ್ಟೀರಿಂಗ್ ಎಡಕ್ಕೆ ತಂದ್ರೂ ಇವರು ತುಂಬ ವರ್ಷ ಬಲಕ್ಕೇ ಇಟ್ಟರು. ಈಗ ಕಂಪನಿಯೇ ಇಲ್ಲ," ಎನ್ನುತ್ತಿದ್ದರು ಅಪ್ಪ, ತಮ್ಮದೇ ಮನೆತನದ ಕತೆಯೆಂಬಂತೆ.

ಅಪ್ಪ ಉಡುಪಿಯಲ್ಲಿ ಬಸ್ಸು ಓಡಿಸಿದವರು. ಇಲ್ಲಿ ಸ್ಟೀರಿಂಗ್ ಎಡಕ್ಕೆ; ಡ್ರೈವಿಂಗ್ ಟೆಸ್ಟಿನಲ್ಲಿ ಗೇರಿಗೆಂದು ಹೋದ ಅವರ ಎಡಗೈ ಪ್ರತಿ ಸಲವೂ ಬಾಗಿಲಿಗೆ ಬಡಿಯುತ್ತಿತ್ತು. ಲೈಸೆನ್ಸ್ ಸಿಗಲೇ ಇಲ್ಲ. ಹಾಗಾಗಿ ಪಾಲಿಶ್ ಮುಗಿಸಿ ಆ ಕಾರಿನ ಬಲಬದಿಗೆ ಕೂತು, ನಿಂತ ಕಾರನ್ನೇ ತಮ್ಮ ಹಳೆಯ ಬಸ್ಸಿನ ದಾರಿಯಲ್ಲಿ ಓಡಿಸುತ್ತಿದ್ದರು.

"ಕಾಪು ಬಂತು... ಪಡುಬಿದ್ರಿ... ಇನ್ನು ಮುಲ್ಕಿ."

ನಿಜಕ್ಕೂ ಹೊರಟೇಹೋದಾರು ಎಂದು ಹೆದರಿ ನಾನು ಅವರ ಅಂಗಿಯ ತೋಳು ಹಿಡಿದುಕೊಳ್ಳುತ್ತಿದ್ದೆ. "ಅಪ್ಪಾ, ಸ್ಟಾಪ್! ವಿ ಲಿವ್ ಹಿಯರ್!"

ಸಿಗ್ನಲ್ ಹಸಿರಾಯಿತು. ಹಿಂದಿನವನ ಹಾರನ್ ನಿಲ್ಲಲೇ ಇಲ್ಲ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ, ಕೆಲಸ ಬಿಟ್ಟು ಅಲ್ಲೇ ನೆಲೆಸಿರುವ ಅಪ್ಪನ ಕಾರು ಓಡಿಸಲು ಕೂತೆ. ಗೇರಿಗೆಂದು ಹೋದ ನನ್ನ ಬಲಗೈ ಬಾಗಿಲಿಗೆ ಬಡಿಯಿತು. ಪಕ್ಕದಲ್ಲಿದ್ದ ಅಪ್ಪ ನಗಲಿಲ್ಲ. ಮೆಲ್ಲಗೆ ನನ್ನ ಅಂಗಿಯ ತೋಳು ಹಿಡಿದುಕೊಂಡರು.