ಹಸಿರು ಕಾರಿನ ಬಾಗಿಲೊಳಗೆ ಓದಿದ್ದು

ಹಳೆಯ ಐಷಾರಾಮಿ ಕಾರುಗಳ ಒಳಾಂಗಣವನ್ನು ಮತ್ತೆ ಮೊದಲಿನ ಅಂದಕ್ಕೆ ತರುವ ವಿದ್ಯೆಯಲ್ಲಿ ನಮ್ಮ ಕಾರ್ಖಾನೆಯ ಮೇಷ್ಟ್ರಿಗೆ ಸಾಟಿಯಾದವರನ್ನು ನಾನು ಕಂಡಿಲ್ಲ. ಎಂಜಿನ್ ಕೆಲಸದವರ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ, ಬಣ್ಣ ಹೊಡೆಯುವವರ ಕೈಚಳಕ ದೂರದಿಂದಲೇ ಮಿನುಗುತ್ತದೆ. ಆದರೆ ಸೀಟಿನ ಚರ್ಮ, ಮರದ ಪಟ್ಟಿ, ಚಾವಣಿಯ ಬಟ್ಟೆ, ಬಾಗಿಲಿನ ಒಳಮೈ ಇವುಗಳಲ್ಲೇ ಮೂವತ್ತೊಂದು ವರ್ಷ ಸವೆಸಿದ ಈ ಹಿರಿಯರ ಕೆಲಸವನ್ನು ಬಲ್ಲವರು ಆ ಕಾರುಗಳಲ್ಲಿ ಕುಳಿತು ಬೆನ್ನು ಒರಗಿಸಿದವರು ಮಾತ್ರ. ಅವರೂ ಸುಖವಾಗಿ ಕುಳಿತರೇ ಹೊರತು, ಹೊಲಿದವರು ಯಾರೆಂದು ಕೇಳಲಿಲ್ಲ. ಮೇಷ್ಟ್ರ ನಿವೃತ್ತಿಗೆಂದು ಹೊರತರುತ್ತಿರುವ ಈ ಸಂಪುಟಕ್ಕೆ ಎರಡು ಪುಟ ಬರೆದುಕೊಡಿ ಎಂದು ಸಂಪಾದಕರಾದ ನಮ್ಮ ಮಾಲೀಕರ ಮಗಳು ಕೇಳಿದಾಗ, ಬಾಗಿಲು ಕೂಡಿಸುವುದನ್ನು ಬಿಟ್ಟು ಬೇರೇನೂ ತಿಳಿಯದ ನಾನು ಮೊದಲು ನುಣುಚಿಕೊಳ್ಳಲು ನೋಡಿದೆ. "ಬೈಗುಳ ಒಂದನ್ನ ಬಿಟ್ಟು ಏನ್ ಬೇಕಾದ್ರೂ ಬರೀರಿ ಅಣ್ಣ" ಎಂದರು. ನನ್ನ ಬಾಯಿ ಎಂಥದೆಂದು ಅವರಿಗೆ ಗೊತ್ತು. ಈ ಲೇಖನದಲ್ಲಿ ಬೈಗುಳವೇನಾದರೂ ಇದ್ದರೆ ಅದು ನನಗೇ.

ಇಪ್ಪತ್ತನಾಲ್ಕು ವರ್ಷಗಳ ಹಿಂದೆ ನಾನು ಕೆಲಸಕ್ಕೆ ಸೇರಿದಾಗ ಅವರು ಆಗಲೇ ಮೇಷ್ಟ್ರು. ಕಿವಿಯ ಮೇಲೆ ಪೆನ್ಸಿಲ್, ಕೊರಳಲ್ಲಿ ಅಳತೆ ಟೇಪು, ತಪ್ಪು ಕಂಡರೆ ಕನ್ನಡಕದ ಮೇಲಿನಿಂದ ಒಂದು ನೋಟ. ಹೆಸರು ತಾನಾಗಿ ಅಂಟಿಕೊಂಡಿತ್ತು. ಕಿಟಕಿಯ ಪಕ್ಕ ಅವರ ಹೊಲಿಗೆ ಯಂತ್ರ, ಅಲ್ಲಿಂದ ಎಂಟು ಹೆಜ್ಜೆಗೆ ನನ್ನ ಮೇಜು. ಬಾಗಿಲಿನ ಕೀಲು, ಚಿಲಕ, ಗಾಜು ಏರಿಳಿಸುವ ಯಂತ್ರ ನನ್ನ ಪಾಲು; ನನ್ನ ಕೆಲಸವನ್ನೆಲ್ಲ ಒಳಗಿನಿಂದ ಮುಚ್ಚುವ ಚರ್ಮ ಹೊದಿಸಿದ ಹಲಗೆ, ನಾವು ಡೋರ್ ಪ್ಯಾಡ್ ಎನ್ನುವುದು, ಅವರ ಪಾಲು.

ಸೇರಿದ ಮೊದಲ ತಿಂಗಳಲ್ಲೇ ನಾನು ಗಾಜಿನ ಅಂಚಿಗೆ ಮೆತ್ತನೆಯ ಉಣ್ಣೆಬಟ್ಟೆಯ ಫೆಲ್ಟ್ ಪಟ್ಟಿ ಅಂಟಿಸುವುದನ್ನು ಮರೆತು, ಬಾಗಿಲು ಹಾಕಿದಾಗಲೆಲ್ಲ ಒಳಗೆ ಗಡಗಡ ಸದ್ದಾಗಿ, ಮಾಲೀಕರು ಎಲ್ಲರೆದುರು ಕೆಂಡವಾದರು. ಮೇಷ್ಟ್ರು ಸೂಜಿ ಕೆಳಗಿಡದೆಯೇ "ತಪ್ಪು ನಂದು. ಅವಸರದಲ್ಲಿ ಪ್ಯಾಡ್ ಕೂರಿಸ್ಬಿಟ್ಟೆ" ಎಂದರು. ಮಾಲೀಕರು ಹೋದ ಮೇಲೆ ಕೈಮುಗಿಯಲು ಹೋದವನಿಗೆ ಫೆಲ್ಟ್ ಪಟ್ಟಿ ಕೊಟ್ಟು, "ಮೊದ್ಲು ಇದನ್ನ ಅಂಟಿಸು. ಮಾತು ಆಮೇಲೆ" ಎಂದರು. ಆ ಆಮೇಲೆ ಬರಲೇ ಇಲ್ಲ.

ಮೇಷ್ಟ್ರು ಮದುವೆಯಾಗಿರಲಿಲ್ಲ. ಬೇರೆ ಊರಿನಲ್ಲಿ ಅಕ್ಕ ಒಬ್ಬರಿದ್ದಾರೆಂದು ಕೇಳಿದ್ದೆವು, ಅಷ್ಟೇ. ಮಧ್ಯಾಹ್ನ ನಾವೆಲ್ಲ ಸುತ್ತ ಕೂತು ಹರಟುತ್ತ ಉಣ್ಣುವಾಗ ಅವರು ಯಂತ್ರದ ಬದಿಯಲ್ಲೇ ಡಬ್ಬಿ ಬಿಚ್ಚುತ್ತಿದ್ದರು. ಅವರದೊಂದು ಕಟ್ಟುನಿಟ್ಟಿತ್ತು: ಹಳೆಯ ಕಾರು ರಿಪೇರಿಗೆ ಮರಳಿ ಬಂದರೆ ಪ್ಯಾಡನ್ನು ಅವರೇ ಬಿಚ್ಚಬೇಕು, ಅವರೇ ಕೂರಿಸಬೇಕು. "ನೀನು ಕೈ ಹಾಕ್ಬೇಡ" ಎಂದರೆ ಮುಗಿಯಿತು. ಹಲಗೆಯನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್ ಮುರಿದೀತೆಂಬ ಭಯ ಎಂದುಕೊಂಡು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಹತ್ತೊಂಬತ್ತು ವರ್ಷಗಳ ಹಿಂದೆ ಉದ್ದ ಮೂತಿಯ ಕಡುಹಸಿರು ಕಾರೊಂದು ಬಂತು. ಸೀಟನ್ನು ಇಲಿ ತಿಂದಿತ್ತು, ಬಾಗಿಲಿನ ತಳ ತುಕ್ಕು ಹಿಡಿದು ಉದುರುತ್ತಿತ್ತು. ನಾಲ್ಕು ತಿಂಗಳು ಹೆಣಗಿದೆವು. ಕೆಲಸ ಮುಗಿಯುವ ವಾರ ನನ್ನ ಹೆಂಡತಿಗೆ ಹೆರಿಗೆಯಾಯಿತು. ಏಳು ವರ್ಷ ಕಾದು ಹುಟ್ಟಿದ ಮಗಳು! ನೆಲದ ಮೇಲೆ ನನ್ನ ಕಾಲು ನಿಲ್ಲಲಿಲ್ಲ. ಕಾರ್ಖಾನೆಗೆಲ್ಲ ಟೀ ತರಿಸಿ, ಮೇಷ್ಟ್ರ ಲೋಟವನ್ನು ನಾನೇ ಒಯ್ದೆ.

"ಮೇಷ್ಟ್ರೇ, ಹೆಣ್ಣು ಮಗು!"

"ಒಳ್ಳೇದಾಯ್ತು" ಎಂದರು. ಮುಖ ತಿರುಗಿಸಿ ಮತ್ತೆ ಹೊಲಿಯತೊಡಗಿದರು. ಸಂಜೆ ನೋಡಿದರೆ ಲೋಟದ ಟೀ ಕೆನೆಗಟ್ಟಿ ಹಾಗೇ ಇತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನದಿಂದ ಅವರು ಮೂರು ದಿನ ರಜೆ ಹಾಕಿದ್ದೂ ಸೊಕ್ಕೇ ಎನಿಸಿತು. ಮಗುವನ್ನು ನೋಡಲು ಎಲ್ಲರನ್ನೂ ಮನೆಗೆ ಕರೆದೆ, ಅವರೊಬ್ಬರನ್ನು ಬಿಟ್ಟು. ಅಂದಿನಿಂದ ನಮ್ಮಿಬ್ಬರ ನಡುವೆ "ಆಯ್ತಾ?", "ಆಯ್ತು" ಬಿಟ್ಟು ಮಾತಿಲ್ಲ. ಅವರು ಎಂದಿನಂತೆ ನನ್ನ ಬಾಗಿಲುಗಳಿಗೆ ಹಲಗೆ ಹೊದಿಸಿದರು, ನಾನು ಎಂದಿನಂತೆ ಹಲ್ಲು ಕಚ್ಚಿಕೊಂಡೆ.

ಈ ವರ್ಷದ ಆರಂಭದಲ್ಲಿ ಅದೇ ಹಸಿರು ಕಾರು ಮರಳಿ ಬಂತು. ಹಿಂದಿನ ಬಾಗಿಲೊಂದರ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮೇಷ್ಟ್ರು ಕಣ್ಣಿನ ಪೊರೆ ತೆಗೆಸಿಕೊಂಡು ರಜೆಯಲ್ಲಿದ್ದರು, ಕಾರಿನವರಿಗೆ ಅವಸರ. ನಾನೇ ಪ್ಯಾಡ್ ಬಿಚ್ಚಿದೆ. ಹಲಗೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಳತೆ, ತಾರೀಖು, ಅದರ ಕೆಳಗೆ ಮೇಷ್ಟ್ರ ದುಂಡನೆಯ ಅಕ್ಷರ:

"ಬೆಳಿಗ್ಗೆ ಅಕ್ಕ ತೀರಿಕೊಂಡ ಸುದ್ದಿ ಬಂತು. ಇನ್ನು ನನ್ನವರೆಂದು ಯಾರೂ ಇಲ್ಲ. ಸಂಜೆಯ ಬಸ್ಸಿಗೆ ಹೋಗಬೇಕು. ಬಾಗಿಲಿನವನಿಗೆ ಇಂದೇ ಮಗಳು ಹುಟ್ಟಿದ್ದಾಳೆ, ಟೀ ತಂದ. ಹೇಳಿದ್ದರೆ ಅವನ ಸಂತೋಷ ಹಾಳಾಗುತ್ತಿತ್ತು. ಗಂಟಲಲ್ಲಿ ಟೀ ಇಳಿಯಲಿಲ್ಲ. ಬೇಜಾರು ಮಾಡಿಕೊಂಡನೋ ಏನೋ."

ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೇ ಕೂತುಬಿಟ್ಟೆ. ಉಳಿದ ಮೂರು ಬಾಗಿಲುಗಳನ್ನು ಬಿಚ್ಚಲು ಕೈ ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಎಷ್ಟು ಕಾರು, ಕಾರಿಗೆ ನಾಲ್ಕು ಬಾಗಿಲು, ಇನ್ನೆಷ್ಟರ ಹಿಂದೆ ಏನೇನು ಬರೆದಿದ್ದರೋ! ಎಂಟು ಹೆಜ್ಜೆ ದೂರದಲ್ಲಿ ನಾನಿದ್ದೆ. ಅವರು ತಮ್ಮ ದುಃಖವನ್ನು ಹಲಗೆಗೆ ಹೇಳಿಕೊಂಡರು. ನನ್ನಂಥ ಕತ್ತೆಯನ್ನು ಇಷ್ಟು ವರ್ಷ ಪಕ್ಕದಲ್ಲಿಟ್ಟುಕೊಂಡು ಅವರು ಹೇಗೆ ಸಹಿಸಿದರೋ.

ಕೆಲಸಕ್ಕೆ ಮರಳಿದ ದಿನ ಅವರು ಆ ಬಾಗಿಲನ್ನು ಬೆರಳಿನಿಂದ ಸವರಿದರು.

"ನೀನೇ ಬಿಚ್ಚಿದ್ಯಾ?"

"ಹೂಂ ಮೇಷ್ಟ್ರೇ."

ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಕ್ಲಿಪ್ಪು ಮುರೀತಾ?"

"ಇಲ್ಲ."

"ಸರಿ" ಎಂದು ಯಂತ್ರದ ಕಡೆ ನಡೆದರು. ಊರಿಗೆಲ್ಲ ಕೇಳುವಂತೆ ಮಾತಾಡುವ ನನ್ನ ನಾಲಿಗೆ ಅಂದು ಬಿದ್ದುಹೋಯಿತು. ಹಾಗೇ ಏಳು ತಿಂಗಳು ಕಳೆದವು.

ಇಂಥ ಲೇಖನದ ಕೊನೆಯಲ್ಲಿ ನೂರು ವರ್ಷ ಬಾಳಲೆಂದು ಬರೆಯುವುದು ವಾಡಿಕೆ. ಯಾರೂ ಇಲ್ಲದ ಮನೆಗೆ ನೂರು ವರ್ಷ ಹಾರೈಸಿದರೆ ಅದು ಹಾರೈಕೆಯೋ ಶಿಕ್ಷೆಯೋ ನನಗೆ ತಿಳಿಯದು. ಹೊಲಿಗೆ ಯಂತ್ರವನ್ನು ಮಾಲೀಕರು ಅವರಿಗೇ ಕೊಟ್ಟಿದ್ದಾರೆ. ಅದು ಓಡುತ್ತಲೇ ಇರಲಿ, ಅವರ ಕಣ್ಣು ಚುರುಕಾಗಿರಲಿ, ಅವರು ಬಾಯಿಬಿಟ್ಟು ಹೇಳಿಕೊಂಡಾಗ ಕೇಳಲು ಎದುರಿಗೊಬ್ಬ ಮನುಷ್ಯನಿರಲಿ. ಆಯುಷ್ಯ ಎಷ್ಟಿದ್ದರೂ ಹೀಗಿರಲಿ ಎಂಬುದು ನನ್ನ ಹಾರೈಕೆ.

ಇಷ್ಟು ಬರೆದು ಮಗಳಿಗೆ ತೋರಿಸಿದೆ. ಅವಳಿಗೀಗ ಹತ್ತೊಂಬತ್ತು. ಎರಡು ಸಲ ಓದಿ, ಕಣ್ಣೊರೆಸಿಕೊಂಡು, "ಅಪ್ಪಾ, ಪುಸ್ತಕ ಬರೋಕೆ ಇನ್ನೂ ಎರಡು ತಿಂಗಳು ಇದೆ ಅಂದ್ಯಲ್ಲ. ಅಲ್ಲೀತನಕ ಯಾಕೆ ಕಾಯಿಸ್ತೀಯ ಅವರನ್ನ?" ಎಂದಳು. ಅವಳು ಆಗಲೇ ಚಪ್ಪಲಿ ಮೆಟ್ಟಿ ಹೊರಗೆ ನಿಂತಿದ್ದಾಳೆ. ಈ ಹಾಳೆಗಳನ್ನು ಮೊದಲು ಮೇಷ್ಟ್ರ ಕೈಗೆ ಕೊಡುತ್ತೇನೆ. ಬೇಡವೆಂದರೆ ಅಲ್ಲೇ ಹರಿದುಹಾಕುತ್ತೇನೆ, ಅಚ್ಚಾಗುವುದು ಅವರು ಒಪ್ಪಿದರೆ ಮಾತ್ರ. ಹೊರಡುವ ಮುಂಚೆ ಸಂಪಾದಕರಿಗೆ ಫೋನ್ ಮಾಡಬೇಕು. ಇಪ್ಪತ್ತನಾಲ್ಕು ವರ್ಷ ಪಕ್ಕದಲ್ಲಿ ಕೆಲಸ ಮಾಡಿದವರ ಮನೆ ಯಾವ ಬೀದಿಯಲ್ಲಿದೆಯೆಂದು ನನಗೆ ಗೊತ್ತಿಲ್ಲ.